ವಂಶದಲ್ಲಿ ಯಾರಿಗೂ ಇಲ್ಲದ ಕಾಯಿಲೆ ಮಗುವಿಗೆ ಬಂದದ್ದು ಹೇಗೆ? ಜೆ.ಬಿ.ಎಸ್. ಹಾಲ್ಡೇನ್ ಹಾಕಿದ ಲೆಕ್ಕ

ಮಗುವಿಗೆ ಕುಸುಮ ರೋಗ, ಅಂದರೆ ಹಿಮೋಫಿಲಿಯಾ, ಇದೆ ಎಂದು ವೈದ್ಯರು ಹೇಳಿದ ಮೇಲೆ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಯಾವುದು ಗೊತ್ತೆ? ಇದು ಯಾರ ಕಡೆಯಿಂದ ಬಂತು ಎಂಬುದು. ಈ ಕಾಯಿಲೆ ತಾಯಿಯ ಮೂಲಕ ಮಗನಿಗೆ ಬರುತ್ತದೆ ಎಂದು ಯಾರೋ ಹೇಳಿರುತ್ತಾರೆ. ತಾಯಿಯ ತವರಿನಲ್ಲಿ ವಿಚಾರಿಸಿದರೆ ಅಜ್ಜ, ಮಾವ, ಅಣ್ಣ, ತಮ್ಮ ಯಾರಿಗೂ ಈ ಕಾಯಿಲೆ ಇರುವುದಿಲ್ಲ. ಹಾಗಾದರೆ ತವರಿನವರು ಏನನ್ನೋ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ ಶುರುವಾಗುತ್ತದೆ. ಮಗುವಿನ ಆರೈಕೆಗೆ ಬೇಕಾದ ಶಕ್ತಿಯೆಲ್ಲ ಈ ಜಗಳದಲ್ಲಿ ಸೋರಿಹೋಗುತ್ತದೆ.

ಮುಚ್ಚಿಡಲು ಅಲ್ಲಿ ಏನೂ ಇಲ್ಲದಿರಬಹುದು. ಹಿಮೋಫಿಲಿಯಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮನೆತನದಲ್ಲಿ ಆ ಕಾಯಿಲೆಯ ಇತಿಹಾಸವೇ ಇರುವುದಿಲ್ಲ. ಇದಕ್ಕೆ ಕಾರಣವೇನೆಂದು 1935ರಲ್ಲೇ, ಡಿಎನ್‌ಎ ಪರೀಕ್ಷೆಯ ಹೆಸರೂ ಇಲ್ಲದ ಕಾಲದಲ್ಲಿ, ಕಾಗದ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದವರು ಜೆ.ಬಿ.ಎಸ್. ಹಾಲ್ಡೇನ್. ಇಂಗ್ಲೆಂಡಿನಲ್ಲಿ ಹುಟ್ಟಿ, ಭಾರತದ ಪ್ರಜೆಯಾಗಿ, ಭುವನೇಶ್ವರದಲ್ಲಿ ತೀರಿಕೊಂಡ ಈ ವಿಜ್ಞಾನಿಯ ಬದುಕನ್ನು ನೀವು ತಿಳಿದರೆ ನಿಮ್ಮ ಕೈಯಲ್ಲಿರುವ ಎಷ್ಟೋ ರಿಪೋರ್ಟುಗಳು ಅರ್ಥವಾಗುತ್ತವೆ.

ತಂದೆಯ ಜೊತೆ ಗಣಿಗೆ ಇಳಿದ ಹುಡುಗ

ಹಾಲ್ಡೇನ್ ಹುಟ್ಟಿದ್ದು 1892ರ ನವೆಂಬರ್ 5ರಂದು, ಆಕ್ಸ್‌ಫರ್ಡ್‌ನಲ್ಲಿ. ತಂದೆ ಜಾನ್ ಸ್ಕಾಟ್ ಹಾಲ್ಡೇನ್ ಉಸಿರಾಟದ ಬಗ್ಗೆ ಸಂಶೋಧನೆ ಮಾಡಿದ ಹೆಸರಾಂತ ಶರೀರಶಾಸ್ತ್ರಜ್ಞ. ಕಲ್ಲಿದ್ದಲು ಗಣಿಗಳಲ್ಲಿ ಕಾರ್ಮಿಕರು ಯಾವ ಅನಿಲದಿಂದ ಸಾಯುತ್ತಾರೆ ಎಂದು ತಿಳಿಯಲು ಅವರು ತಾವೇ ಗಣಿಗೆ ಇಳಿಯುತ್ತಿದ್ದರು, ಮಗನನ್ನೂ ಕರೆದೊಯ್ಯುತ್ತಿದ್ದರು. ಒಮ್ಮೆ ಗಣಿಯೊಳಗೆ ಮಗನನ್ನು ನೆಟ್ಟಗೆ ನಿಲ್ಲಿಸಿ ಶೇಕ್ಸ್‌ಪಿಯರ್ ನಾಟಕದ ಒಂದು ಭಾಷಣವನ್ನು ಹೇಳಲು ಹೇಳಿದರು. ಸ್ವಲ್ಪ ಹೊತ್ತಿಗೆ ಹುಡುಗನಿಗೆ ಏದುಸಿರು ಬಂದು ಕುಸಿದು ಬಿದ್ದ. ನೆಲದ ಹತ್ತಿರ ಬಿದ್ದಾಗ ಉಸಿರು ಸರಾಗವಾಯಿತು. ಮೀಥೇನ್ ಗಾಳಿಗಿಂತ ಹಗುರ, ಅದು ಮೇಲೆ ತಂಗುತ್ತದೆ ಎಂಬ ಪಾಠ ಹೀಗೆ ಮೈಗೇ ತಾಗಿತು.

ಅಂದಿನಿಂದ ತನ್ನ ದೇಹದ ಮೇಲೆ ತಾನೇ ಪ್ರಯೋಗ ಮಾಡುವುದು ಅವರ ಅಭ್ಯಾಸವೇ ಆಯಿತು. ರಕ್ತದಲ್ಲಿ ಆಮ್ಲ ಹೆಚ್ಚಾದರೆ ಏನಾಗುತ್ತದೆ ಎಂದು ನೋಡಲು ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಕುಡಿದು ದಿನಗಟ್ಟಲೆ ಏದುಸಿರು ಬಿಟ್ಟರು. ಇದೇ ಅಮೋನಿಯಂ ಕ್ಲೋರೈಡ್ ಅತಿ ಸಣ್ಣ ಪ್ರಮಾಣದಲ್ಲಿ ಇಂದಿಗೂ ಕೆಲವು ಕೆಮ್ಮಿನ ಸಿರಪ್‌ಗಳಲ್ಲಿದೆ. ಅವರು ಕುಡಿದದ್ದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆ ಪ್ರಯೋಗದ ಫಲವಾಗಿ ಸ್ನಾಯು ಸೆಳೆತದ ಟೆಟನಿ ಎಂಬ ತೊಂದರೆ ಇದ್ದ ಶಿಶುಗಳಿಗೆ ಆಗ ಒಂದು ಚಿಕಿತ್ಸೆ ಸಿಕ್ಕಿತು. 1939ರಲ್ಲಿ ಥೆಟಿಸ್ ಎಂಬ ಬ್ರಿಟಿಷ್ ಜಲಾಂತರ್ಗಾಮಿ ಮುಳುಗಿ 99 ಮಂದಿ ಸತ್ತಾಗ, ಅವರು ಉಸಿರುಕಟ್ಟಿದ್ದು ಹೇಗೆಂದು ತಿಳಿಯಲು ಮುಚ್ಚಿದ ಕೋಣೆಯೊಳಗೆ ಕೂತರು. ಇಂಥ ಪ್ರಯೋಗಗಳಿಗೆ ಇಂದು ಯಾವ ನೈತಿಕ ಸಮಿತಿಯೂ ಅನುಮತಿ ಕೊಡುವುದಿಲ್ಲ. ನೀವಂತೂ ಔಷಧದ ಪ್ರಮಾಣದ ಮೇಲೆ ಮನೆಯಲ್ಲಿ ಪ್ರಯೋಗ ಮಾಡಲೇಬೇಡಿ.

ಒಂದು ಸ್ವಾರಸ್ಯವೆಂದರೆ ಅವರ ಬಳಿ ವಿಜ್ಞಾನದ ಪದವಿಯೇ ಇರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಗಣಿತ, ಆಮೇಲೆ ಗ್ರೀಕ್, ಲ್ಯಾಟಿನ್ ಮತ್ತು ತತ್ತ್ವಶಾಸ್ತ್ರ. ಆದರೂ 1915ರಲ್ಲಿ, ತಂಗಿ ನವೋಮಿ ಮತ್ತು ಗೆಳೆಯ ಸ್ಪ್ರಂಟ್ ಜೊತೆ, ಇಲಿಗಳಲ್ಲಿ ಕೆಲವು ಗುಣಗಳು ಜೋಡಿಯಾಗಿಯೇ ಮುಂದಿನ ತಲೆಮಾರಿಗೆ ಹೋಗುತ್ತವೆ ಎಂದು ತೋರಿಸಿದರು. ಒಂದೇ ವರ್ಣತಂತುವಿನಲ್ಲಿ ಅಕ್ಕಪಕ್ಕ ಕೂತ ಜೀನ್‌ಗಳು ಒಟ್ಟಿಗೆ ಪ್ರಯಾಣ ಮಾಡುತ್ತವೆ ಎಂಬುದಕ್ಕೆ ಸಸ್ತನಿಗಳಲ್ಲಿ ಸಿಕ್ಕ ಮೊದಲ ಸಾಕ್ಷಿ ಅದು. ಆ ಹೊತ್ತಿಗೆ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಸ್ಪ್ರಂಟ್ ಯುದ್ಧದಲ್ಲಿ ಸತ್ತರು. ಹಾಲ್ಡೇನ್ ಫ್ರಾನ್ಸ್‌ನಲ್ಲೂ ಮೆಸೊಪೊಟೇಮಿಯಾದಲ್ಲೂ ಗಾಯಗೊಂಡರು. ಸುಧಾರಿಸಿಕೊಳ್ಳಲು ಅವರನ್ನು ಕಳಿಸಿದ್ದು ಭಾರತಕ್ಕೆ. ಈ ದೇಶವನ್ನು ಅವರು ಮೊದಲು ನೋಡಿದ್ದು ಹಾಗೆ.

ಪತಂಗದಿಂದ ಮನುಷ್ಯನವರೆಗೆ

ಯುದ್ಧದ ನಂತರ ಅವರು ಕೇಂಬ್ರಿಜ್‌ನಲ್ಲಿ ಜೀವರಸಾಯನಶಾಸ್ತ್ರ ಕಲಿಸಿದರು, 1933ರಿಂದ ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. 1924ರಿಂದ 1934ರವರೆಗೆ ಬರೆದ ಲೇಖನಮಾಲೆಯಲ್ಲಿ ಡಾರ್ವಿನ್ ಹೇಳಿದ ನಿಸರ್ಗದ ಆಯ್ಕೆಗೆ ಗಣಿತದ ರೂಪ ಕೊಟ್ಟರು. ಆರ್.ಎ. ಫಿಶರ್, ಸೀವಲ್ ರೈಟ್ ಮತ್ತು ಹಾಲ್ಡೇನ್, ಈ ಮೂವರನ್ನು ಪಾಪ್ಯುಲೇಶನ್ ಜೆನೆಟಿಕ್ಸ್‌ನ ಸ್ಥಾಪಕರು ಎನ್ನುತ್ತಾರೆ. ಒಂದು ಜೀನ್ ಇಡೀ ಸಮೂಹದಲ್ಲಿ ಎಷ್ಟು ಮಂದಿಯಲ್ಲಿದೆ, ತಲೆಮಾರು ಕಳೆದಂತೆ ಅದು ಏಕೆ ಹೆಚ್ಚುತ್ತದೆ, ಏಕೆ ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕುವ ವಿಜ್ಞಾನ ಇದು.

ಒಂದು ಉದಾಹರಣೆ ನೋಡಿ. ಇಂಗ್ಲೆಂಡಿನಲ್ಲಿ ಬಿಳಿ ಮೈಮೇಲೆ ಕಪ್ಪು ಚುಕ್ಕೆಯ ಒಂದು ಪತಂಗವಿದೆ. 1848ರಲ್ಲಿ ಮ್ಯಾಂಚೆಸ್ಟರ್ ಬಳಿ ಅದರ ಪೂರ್ತಿ ಕಪ್ಪು ರೂಪವೊಂದು ಸಿಕ್ಕಿತು. ಕಾರ್ಖಾನೆಗಳ ಮಸಿಯಿಂದ ಮರಗಳು ಕಪ್ಪಾಗಿದ್ದ ಆ ಊರಿನಲ್ಲಿ ಸುಮಾರು ಐವತ್ತು ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲ ಪತಂಗಗಳೂ ಕಪ್ಪಾದವು. ಇಷ್ಟು ಬೇಗ ಹೀಗಾಗಬೇಕಾದರೆ ಕಪ್ಪು ಪತಂಗ ಬಿಳಿಯದಕ್ಕಿಂತ ಸುಮಾರು ಒಂದೂವರೆ ಪಟ್ಟು ಮರಿಗಳನ್ನು ಉಳಿಸಿಕೊಳ್ಳಬೇಕು ಎಂದು ಹಾಲ್ಡೇನ್ 1924ರಲ್ಲಿ ಲೆಕ್ಕ ಹಾಕಿದರು. ಪತಂಗಕ್ಕೆ ಹಾಕಿದ ಈ ಬಗೆಯ ಲೆಕ್ಕವನ್ನೇ ಅವರು ಮುಂದೆ ಮನುಷ್ಯರ ಕಾಯಿಲೆಗಳಿಗೂ ಹಾಕಿದರು.

ಕುಸುಮ ರೋಗದ ಲೆಕ್ಕ

ಹಿಮೋಫಿಲಿಯಾಕ್ಕೆ ಸಂಬಂಧಿಸಿದ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಹೆಂಗಸರಲ್ಲಿ ಎರಡು ಎಕ್ಸ್, ಗಂಡಸರಲ್ಲಿ ಒಂದು. ಹಾಗಾಗಿ ಸಮಾಜದ ಎಲ್ಲ ಎಕ್ಸ್ ವರ್ಣತಂತುಗಳಲ್ಲಿ ಮೂರನೇ ಒಂದು ಭಾಗ ಗಂಡಸರ ಬಳಿ, ಮೂರನೇ ಎರಡು ಭಾಗ ಹೆಂಗಸರ ಬಳಿ ಇರುತ್ತದೆ. ಹೆಂಗಸಿನ ಒಂದು ಎಕ್ಸ್‌ನಲ್ಲಿ ದೋಷವಿದ್ದರೆ ಇನ್ನೊಂದು ಬಹುಮಟ್ಟಿಗೆ ಕಾಪಾಡುತ್ತದೆ, ಅವಳು ವಾಹಕಿಯಾಗುತ್ತಾಳೆ. ಗಂಡಿಗೆ ಆ ರಕ್ಷಣೆ ಇಲ್ಲ.

ಆ ಕಾಲದಲ್ಲಿ ಹಿಮೋಫಿಲಿಯಾ ಇದ್ದ ಗಂಡುಮಕ್ಕಳಲ್ಲಿ ಹೆಚ್ಚಿನವರು ಮದುವೆಯ ವಯಸ್ಸಿಗೆ ಬರುವ ಮುನ್ನವೇ ತೀರಿಕೊಳ್ಳುತ್ತಿದ್ದರು. ಅವರ ಜೊತೆ ಅವರ ಬಳಿಯಿದ್ದ ದೋಷದ ಜೀನ್‌ಗಳೂ ಮಣ್ಣಾಗುತ್ತಿದ್ದವು. ಅಂದರೆ ಪ್ರತಿ ತಲೆಮಾರಿಗೂ ಆ ಜೀನ್‌ಗಳಲ್ಲಿ ಮೂರನೇ ಒಂದು ಭಾಗ ಕಳೆದುಹೋಗಬೇಕು. ಹಾಗೆ ಕಳೆಯುತ್ತಾ ಹೋದರೆ ಕೆಲವು ನೂರು ವರ್ಷಗಳಲ್ಲಿ ಕಾಯಿಲೆಯೇ ಕಾಣದಂತಾಗಬೇಕಿತ್ತು. ಆದರೆ ಅದು ಹೋಗಿಲ್ಲ. ಹಾಗಿದ್ದರೆ ಕಳೆದುಹೋದಷ್ಟು ಜೀನ್‌ಗಳು ಎಲ್ಲಿಂದಲೋ ಹೊಸದಾಗಿ ಸೇರುತ್ತಿರಲೇಬೇಕು. ಆರೋಗ್ಯವಂತ ತಂದೆ ತಾಯಿಯ ಅಂಡಾಣು, ವೀರ್ಯಾಣು ತಯಾರಾಗುವಾಗ ಡಿಎನ್‌ಎ ನಕಲಿನಲ್ಲಿ ಆಗುವ ಆಕಸ್ಮಿಕ ಬದಲಾವಣೆಯೇ, ಅಂದರೆ ಮ್ಯುಟೇಶನ್ನೇ, ಆ ಮೂಲ. ಲಂಡನ್ನಿನ ರೋಗಿಗಳ ಸಂಖ್ಯೆ ಇಟ್ಟುಕೊಂಡು, ಪ್ರತಿ ತಲೆಮಾರಿನಲ್ಲಿ ಸುಮಾರು 50,000 ಎಕ್ಸ್ ವರ್ಣತಂತುಗಳಲ್ಲಿ ಒಂದರಲ್ಲಿ ಇಂಥ ಬದಲಾವಣೆ ಆಗುತ್ತದೆ ಎಂದು 1935ರಲ್ಲಿ ಅವರು ಅಂದಾಜು ಮಾಡಿದರು. ಮನುಷ್ಯರ ಜೀನ್ ಬದಲಾಗುವ ವೇಗಕ್ಕೆ ಸಿಕ್ಕ ಮೊದಲ ಅಂದಾಜುಗಳಲ್ಲಿ ಇದೂ ಒಂದು.

1937ರಲ್ಲಿ ಜೂಲಿಯಾ ಬೆಲ್ ಜೊತೆ ಸೇರಿ, ಹಿಮೋಫಿಲಿಯಾದ ಜೀನ್ ಬಣ್ಣಗುರುಡಿನ ಜೀನ್‌ಗೆ ಹತ್ತಿರದಲ್ಲಿದೆ ಎಂದು ಕುಟುಂಬಗಳ ವಂಶವೃಕ್ಷ ನೋಡಿ ತೋರಿಸಿದರು. ಮನುಷ್ಯನ ಜೀನ್‌ಗಳ ನಕ್ಷೆ ಬರೆಯುವ ಕೆಲಸ ಅಲ್ಲಿಂದ ಶುರುವಾಯಿತು ಎನ್ನಬಹುದು. 1947ರಲ್ಲಿ ಇನ್ನೊಂದು ಮಾತು ಸೇರಿಸಿದರು: ಈ ಹೊಸ ಬದಲಾವಣೆಗಳು ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು ಹುಟ್ಟುತ್ತವೆ. ವೀರ್ಯಾಣುಗಳನ್ನು ಕೊಡುವ ಕೋಶಗಳು ಬದುಕಿಡೀ ಒಡೆಯುತ್ತಲೇ ಇರುವುದರಿಂದ ನಕಲಿನ ತಪ್ಪಿಗೆ ಅಲ್ಲಿ ಅವಕಾಶ ಹೆಚ್ಚು. ಮುಂದೆ ಬಂದ ಡಿಎನ್‌ಎ ಅಧ್ಯಯನಗಳು ಇದನ್ನು ಸರಿಯೆಂದೇ ತೋರಿಸಿವೆ.

ನಿಮ್ಮ ಮನೆಯ ಮಟ್ಟಿಗೆ ಇದರ ಅರ್ಥ ಹೀಗೆ. ಮನೆತನದಲ್ಲಿ ಮೊದಲ ಬಾರಿಗೆ ಕಾಯಿಲೆ ಕಂಡ ಬಹಳಷ್ಟು ಕುಟುಂಬಗಳಲ್ಲಿ ಬದಲಾವಣೆ ಹುಟ್ಟಿರುವುದು ಮಗುವಿನ ತಾಯಿಯ ತಂದೆಯ ವೀರ್ಯಾಣುವಿನಲ್ಲಿ. ಆ ಅಜ್ಜನಿಗೆ ಕಾಯಿಲೆ ಇಲ್ಲ, ಅದು ಆದದ್ದು ಅವರಿಗೆ ಗೊತ್ತೂ ಇಲ್ಲ, ತಡೆಯಲು ಅವರು ಮಾಡಬಹುದಾದದ್ದು ಏನೂ ಇರಲಿಲ್ಲ. ತಾಯಿ ಅದನ್ನು ಅರಿಯದೆ ಹೊತ್ತಿರುತ್ತಾಳೆ. ಯಾರದೂ ತಪ್ಪಿಲ್ಲ. ಹಾಗೆಂದು ಪರೀಕ್ಷೆ ಬಿಡಬೇಡಿ. ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೂ ತಾಯಿ ವಾಹಕಿಯಾಗಿರುವ ಸಾಧ್ಯತೆ ದೊಡ್ಡದು. ಮುಂದಿನ ಬಸುರಿಗೆ ಮುನ್ನ ತಾಯಿಗೂ, ಅಗತ್ಯವಿದ್ದರೆ ಅವಳ ಅಕ್ಕತಂಗಿಯರಿಗೂ ವಾಹಕ ಪರೀಕ್ಷೆ ಮಾಡಿಸುವ ಬಗ್ಗೆ ವೈದ್ಯರಲ್ಲಿ ಕೇಳಿ. ವಾಹಕಿಯಾದ ಹೆಂಗಸಿಗೂ ಕೆಲವೊಮ್ಮೆ ಹೆರಿಗೆ ಅಥವಾ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ರಕ್ತಸ್ರಾವ ಹೆಚ್ಚಾಗಬಹುದು. ಹಿಮೋಫಿಲಿಯಾ ಇರುವ ಮಗುವಿಗೆ ಜ್ವರ, ನೋವು ಬಂದಾಗ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ನೀವಾಗಿಯೇ ಕೊಡಬೇಡಿ, ಅವು ರಕ್ತಸ್ರಾವ ಹೆಚ್ಚಿಸುತ್ತವೆ.

ಈ ಲೆಕ್ಕಕ್ಕೆ ಇನ್ನೊಂದು ಮುಖವೂ ಇತ್ತು. ಅದೇ ಕಾಲದಲ್ಲಿ ಜರ್ಮನಿ, ಅಮೆರಿಕ ಮುಂತಾದ ದೇಶಗಳಲ್ಲಿ ಕಾಯಿಲೆಯಿರುವವರಿಗೆ ಬಲವಂತವಾಗಿ ಸಂತಾನಹರಣ ಮಾಡುತ್ತಿದ್ದರು, ಹಾಗೆ ಮಾಡಿದರೆ ಕಾಯಿಲೆಯೇ ಅಳಿಯುತ್ತದೆ ಎಂದು ನಂಬಿದ್ದರು. ಹೊಸ ಮ್ಯುಟೇಶನ್‌ಗಳು ಬರುತ್ತಲೇ ಇರುವಾಗ, ಕಾಯಿಲೆಯಿಲ್ಲದ ವಾಹಕರು ಸಮಾಜದ ತುಂಬ ಇರುವಾಗ, ಅಂಥ ಕ್ರೌರ್ಯದಿಂದ ಆಗುವ ಲಾಭ ತೀರಾ ಅಲ್ಪ ಎಂದು ಹಾಲ್ಡೇನ್ 1938ರ ಪುಸ್ತಕವೊಂದರಲ್ಲಿ ಲೆಕ್ಕ ಸಮೇತ ವಾದಿಸಿದರು.

ಮಲೇರಿಯಾ ಕೊಟ್ಟ ಬಳುವಳಿ

ಥಲಸ್ಸೀಮಿಯಾ ಇರುವ ಮಗುವಿನ ತಂದೆ ತಾಯಿ ನೀವಾಗಿದ್ದರೆ ಹಾಲ್ಡೇನ್ ಅವರ 1948ರ ಮಾತು ನಿಮಗೆ ಸಂಬಂಧಿಸಿದ್ದು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಜನರಲ್ಲಿ ಥಲಸ್ಸೀಮಿಯಾ ಜೀನ್ ತುಂಬಾ ಸಾಮಾನ್ಯವಾಗಿತ್ತು. ಹೊಸ ಮ್ಯುಟೇಶನ್‌ಗಳೇ ಇದಕ್ಕೆ ಕಾರಣ ಎಂದು ಕೆಲವರು ಭಾವಿಸಿದ್ದರು. ಅಷ್ಟು ವೇಗದ ಮ್ಯುಟೇಶನ್ ಸಾಧ್ಯವಿಲ್ಲ ಎಂದು ಹಾಲ್ಡೇನ್‌ಗೆ ಅನ್ನಿಸಿತು. ಒಂದೇ ಒಂದು ದೋಷದ ಜೀನ್ ಇರುವ ವಾಹಕರ ಕೆಂಪು ರಕ್ತಕಣಗಳು ಚಿಕ್ಕವಾಗಿರುತ್ತವೆ, ಅದರಿಂದ ಅವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತಿರಬಹುದು ಎಂದು ಸ್ಟಾಕ್‌ಹೋಮ್‌ನ ತಳಿವಿಜ್ಞಾನ ಸಮ್ಮೇಳನದಲ್ಲಿ ಸೂಚಿಸಿದರು. ಮಲೇರಿಯಾ ಇದ್ದ ಊರುಗಳಲ್ಲಿ ವಾಹಕರು ಹೆಚ್ಚು ಬದುಕಿದರು, ಜೀನ್ ಉಳಿಯಿತು. ಎರಡು ದೋಷದ ಜೀನ್ ಒಟ್ಟಿಗೆ ಬಂದ ಮಕ್ಕಳು ಮಾತ್ರ ಅದರ ಬೆಲೆ ತೆತ್ತರು.

1954ರಲ್ಲಿ ಆಂಥೊನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಸಿಕಲ್ ಸೆಲ್ ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ಇದೆ ಎಂದು ತೋರಿಸಿದರು. ಅದಕ್ಕೆ ಎರಡು ವರ್ಷ ಮುಂಚೆ, 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ ಸಿಕಲ್ ಸೆಲ್ ಜೀನ್ ಪತ್ತೆಯಾಗಿತ್ತು. ಇಂದು ಭಾರತ ಸರ್ಕಾರ 2023ರಲ್ಲಿ ಶುರುಮಾಡಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಬುಡಕಟ್ಟು ಪ್ರದೇಶಗಳಲ್ಲೇ ಮುಖ್ಯವಾಗಿ ತಪಾಸಣೆ ಮಾಡುವುದು ಏಕೆ ಎಂದು ಈಗ ನಿಮಗೆ ಗೊತ್ತಾಗಿರಬಹುದು. ಜಿ6ಪಿಡಿ ಕೊರತೆಯದೂ ಇದೇ ಕಥೆ, ಅದೂ ಮಲೇರಿಯಾ ಉಳಿಸಿದ ಜೀನ್. ಆ ಕೊರತೆ ಇರುವವರಿಗೆ ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆಯೇ ರಕ್ತಕಣಗಳನ್ನು ಒಡೆದುಬಿಡಬಹುದು. ಆದ್ದರಿಂದ ಮಾತ್ರೆ ನುಂಗುವ ಮೊದಲು ಜಿ6ಪಿಡಿ ಪರೀಕ್ಷೆಯ ಬಗ್ಗೆ ಕೇಳಿ.

ಥಲಸ್ಸೀಮಿಯಾ ವಾಹಕರಿಗೆ ಸಾಮಾನ್ಯವಾಗಿ ಸ್ವಲ್ಪ ರಕ್ತಹೀನತೆ ಬಿಟ್ಟರೆ ಬೇರೆ ತೊಂದರೆ ಇರುವುದಿಲ್ಲ. ಅದನ್ನು ಕಬ್ಬಿಣದ ಕೊರತೆ ಎಂದುಕೊಂಡು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗುವವರಿದ್ದಾರೆ. ಮಾತ್ರೆ ತೆಗೆದುಕೊಂಡರೂ ಹಿಮೋಗ್ಲೋಬಿನ್ ಏರದಿದ್ದರೆ ಫೆರಿಟಿನ್ ಮತ್ತು ಎಚ್‌ಬಿಎ2 ಪರೀಕ್ಷೆ ಬೇಕೇ ಎಂದು ವೈದ್ಯರಲ್ಲಿ ಕೇಳಿ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸುರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗು ಆರೋಗ್ಯವಾಗಿದೆ ಎಂದರೆ ಎರಡನೆಯದಕ್ಕೆ ಭಯವಿಲ್ಲ ಎಂದಲ್ಲ, ಪ್ರತಿ ಬಾರಿಯೂ ಲೆಕ್ಕ ಹೊಸದು.

ಎಲ್ಲ ವ್ಯತ್ಯಾಸವೂ ಕಾಯಿಲೆಯಲ್ಲ

1957ರಲ್ಲಿ ಹಾಲ್ಡೇನ್ ಇನ್ನೊಂದು ಪ್ರಶ್ನೆ ಎತ್ತಿದರು. ನಿಸರ್ಗದ ಆಯ್ಕೆಯಿಂದ ಹಳೆಯ ಜೀನ್ ಹೋಗಿ ಹೊಸದು ನೆಲೆಯೂರಬೇಕಾದರೆ ಹಳೆಯದನ್ನು ಹೊತ್ತ ಎಷ್ಟೋ ಜೀವಿಗಳು ಸಾಯಬೇಕು. ಈ ಬೆಲೆ ದೊಡ್ಡದು, ಹಾಗಾಗಿ ಅಂಥ ಒಂದು ಬದಲಾವಣೆಗೆ ಸರಾಸರಿ 300 ತಲೆಮಾರು ಬೇಕು ಎಂದರು. ಆಮೇಲೆ ಪ್ರಾಣಿಗಳ ಪ್ರೋಟೀನುಗಳನ್ನು ಹೋಲಿಸಿ ನೋಡಿದಾಗ ಬದಲಾವಣೆಗಳು ಇದಕ್ಕಿಂತ ಎಷ್ಟೋ ವೇಗವಾಗಿ ಆಗಿರುವುದು ಕಂಡಿತು. ಹಾಲ್ಡೇನ್ ಲೆಕ್ಕವನ್ನೇ ಹಿಡಿದು ಜಪಾನಿನ ಮೊಟೊ ಕಿಮುರಾ 1968ರಲ್ಲಿ ಉತ್ತರ ಕೊಟ್ಟರು: ಅಣುಗಳ ಮಟ್ಟದ ಬದಲಾವಣೆಗಳಲ್ಲಿ ಹೆಚ್ಚಿನವು ಒಳ್ಳೆಯವೂ ಅಲ್ಲ, ಕೆಟ್ಟವೂ ಅಲ್ಲ, ತಟಸ್ಥ.

ಇದು ನಿಮ್ಮ ಕೈಯಲ್ಲಿರುವ ಜೀನ್ ಪರೀಕ್ಷೆಯ ರಿಪೋರ್ಟಿಗೂ ಅನ್ವಯಿಸುತ್ತದೆ. ನಮ್ಮ ಪ್ರತಿಯೊಬ್ಬರ ಡಿಎನ್‌ಎಯಲ್ಲೂ ಲಕ್ಷಾಂತರ ವ್ಯತ್ಯಾಸಗಳಿವೆ, ಬಹುಪಾಲು ಏನೂ ಮಾಡುವುದಿಲ್ಲ. ರಿಪೋರ್ಟಿನಲ್ಲಿ ಅರ್ಥ ಖಚಿತವಿಲ್ಲದ ವ್ಯತ್ಯಾಸ ಎಂದು ಬರೆದಿದ್ದರೆ ಅದು ಕಾಯಿಲೆಯ ತೀರ್ಪಲ್ಲ. ಅದನ್ನು ನಂಬಿ ಮದುವೆ ಮುರಿಯುವ, ಔಷಧ ಬದಲಿಸುವ ನಿರ್ಧಾರ ಮಾಡಬೇಡಿ. ಜೆನೆಟಿಕ್ ಸಮಾಲೋಚಕರನ್ನು ಕಾಣಿ.

ಭಾರತವೇ ಮನೆಯಾಯಿತು

ಹಾಲ್ಡೇನ್ ತಪ್ಪೇ ಮಾಡದವರಲ್ಲ. ಅವರು ಕಮ್ಯುನಿಸ್ಟ್ ಪಕ್ಷದಲ್ಲಿದ್ದರು. ಸೋವಿಯತ್ ದೇಶದಲ್ಲಿ ಲೈಸೆಂಕೊ ತಳಿವಿಜ್ಞಾನವನ್ನೇ ತುಳಿಯುತ್ತಿದ್ದಾಗ, ವವಿಲೋವ್‌ರಂಥ ಸಸ್ಯವಿಜ್ಞಾನಿ 1943ರಲ್ಲಿ ಜೈಲಿನಲ್ಲೇ ಸತ್ತ ಮೇಲೂ, ಬಹಿರಂಗವಾಗಿ ಖಂಡಿಸಲು ಹಿಂದೆಮುಂದೆ ನೋಡಿದರು. ಆಮೇಲೆ ಪಕ್ಷದಿಂದ ದೂರವಾದರು.

1957ರಲ್ಲಿ ಪತ್ನಿ ಹೆಲೆನ್ ಸ್ಪರ್ವೆ ಜೊತೆ ಕಲ್ಕತ್ತೆಗೆ ಬಂದು ಮಹಾಲನೋಬಿಸ್ ಅವರ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಸೇರಿದರು. ಸುಯೆಜ್ ಮೇಲೆ ಬ್ರಿಟನ್ ಮಾಡಿದ ದಾಳಿಯನ್ನು ದೇಶ ಬಿಡಲು ಒಂದು ಕಾರಣವಾಗಿ ಹೇಳಿದರು. ಕುರ್ತಾ ಧೋತ್ರ ಉಟ್ಟರು, ಮಾಂಸಾಹಾರ ಬಿಟ್ಟರು, 1961ರಲ್ಲಿ ಭಾರತದ ಪ್ರಜೆಯಾದರು. ದುಬಾರಿ ಯಂತ್ರವಿಲ್ಲದೆಯೂ ಒಳ್ಳೆಯ ವಿಜ್ಞಾನ ಮಾಡಬಹುದು, ಎಣಿಸಲು ಕಲಿಯಬೇಕು ಅಷ್ಟೆ ಎಂಬುದು ಅವರ ನಂಬಿಕೆ. ಅವರ ಶಿಷ್ಯ ಎಸ್.ಕೆ. ರಾಯ್ ಪಾರಿಜಾತದ ಹೂಗಳ ಎಸಳು ಎಣಿಸಿದರು. ಟಿ.ಎ. ಡೇವಿಸ್ ತೆಂಗಿನ ಮರಗಳ ಗರಿ ಎಡಕ್ಕೆ ಸುತ್ತುತ್ತದೋ ಬಲಕ್ಕೋ ಎಂದು ಎಣಿಸಿದರು. ಕೃಷ್ಣ ದ್ರೋಣಂರಾಜು ಯಾವ ಚಿಟ್ಟೆ ಯಾವ ಬಣ್ಣದ ಲಂಟಾನ ಹೂವಿಗೆ ಹೋಗುತ್ತದೆ ಎಂದು ನೋಡಿದರು. ಅವರೇ ಆಂಧ್ರದಲ್ಲಿ ರಕ್ತಸಂಬಂಧದ ಮದುವೆಗಳನ್ನೂ ಅಧ್ಯಯನ ಮಾಡಿದರು.

ಈ ಕೊನೆಯ ವಿಷಯ ನಮ್ಮ ಮನೆಗಳದ್ದೇ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವುದು ಕರ್ನಾಟಕದಲ್ಲೂ ಹಳೆಯ ರೂಢಿ. ಮಾವ ಸೊಸೆಯ ಮದುವೆಯಲ್ಲಿ ಮಗುವಿನ ಯಾವುದೇ ಒಂದು ಜೀನ್‌ನ ಎರಡೂ ಪ್ರತಿ ಒಬ್ಬರೇ ಹಿರಿಯರಿಂದ ಬಂದಿರುವ ಸಾಧ್ಯತೆ ಎಂಟರಲ್ಲಿ ಒಂದು. ಅತ್ತೆಯ ಅಥವಾ ಮಾವನ ಮಕ್ಕಳ ನಡುವಿನ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಆ ಹಿರಿಯರು ಥಲಸ್ಸೀಮಿಯಾದಂಥ ಕಾಯಿಲೆಯ ವಾಹಕರಾಗಿದ್ದರೆ ಅಪಾಯ ಹೆಚ್ಚುತ್ತದೆ. ಇಂಥ ಮದುವೆಯಾದ ಹೆಚ್ಚಿನವರ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೂ ಮುಂಬೈಯಲ್ಲೋ ದೆಹಲಿಯಲ್ಲೋ ಈ ರೂಢಿ ತಿಳಿಯದ ವೈದ್ಯರು ಕೇಳದೆ ಇರಬಹುದು. ನಾಚಿಕೊಳ್ಳದೆ ನೀವೇ ಹೇಳಿ.

ಕೊನೆಯ ಕಾಯಿಲೆ

1962ರಲ್ಲಿ ಹಾಲ್ಡೇನ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಸರ್ಕಾರದ ನೆರವಿನಿಂದ ಪ್ರಯೋಗಾಲಯ ಕಟ್ಟಿದರು. 1963ರ ಕೊನೆಯ ಹೊತ್ತಿಗೆ ಅವರಿಗೆ ಮಲದಲ್ಲಿ ರಕ್ತ ಹೋಗತೊಡಗಿತು. ಗುದನಾಳದ ಕ್ಯಾನ್ಸರ್ ಎಂದು ತಿಳಿದು ಲಂಡನ್ನಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು, ಮಲ ಹೋಗಲು ಹೊಟ್ಟೆಯ ಮೇಲೆ ದಾರಿ ಮಾಡಿದರು. ಯಾರೂ ಬಾಯಿಬಿಟ್ಟು ಹೇಳದ ಈ ಕಾಯಿಲೆಯ ಬಗ್ಗೆ ಅವರು ಆಸ್ಪತ್ರೆಯಲ್ಲೇ ಒಂದು ತಮಾಷೆಯ ಪದ್ಯ ಬರೆದರು. 1964ರ ಫೆಬ್ರವರಿಯಲ್ಲಿ ಅದು ಲಂಡನ್ನಿನ ವಾರಪತ್ರಿಕೆಯಲ್ಲಿ ಬಂತು. ಅನುಮಾನ ಬಂದ ಕೂಡಲೇ ವೈದ್ಯರನ್ನು ಕಾಣಿರಿ, ನಾಚಿಕೆಯಿಂದ ತಡಮಾಡಬೇಡಿ ಎಂಬುದೇ ಅದರ ತಿರುಳು.

ಕಾಯಿಲೆ ಮರಳಿ ಬಂತು. 1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಅವರು ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಕೊಟ್ಟರು. ಬದುಕಿದ್ದಾಗ ಪ್ರಯೋಗಕ್ಕೆ ಒಡ್ಡಿದ ದೇಹ ಸತ್ತ ಮೇಲೆ ವಿದ್ಯಾರ್ಥಿಗಳ ಪಾಠಕ್ಕೆ ಒದಗಿತು.

ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಂಡು ಅಂಗಡಿಯಿಂದ ಮುಲಾಮು ತಂದು ಸುಮ್ಮನಾಗಬೇಡಿ, ಒಮ್ಮೆ ವೈದ್ಯರಿಗೆ ತೋರಿಸಿ. ಮನೆಯಲ್ಲಿ ವಂಶವಾಹಿ ಕಾಯಿಲೆ ಇದ್ದರೆ ಒಂದು ಹಾಳೆಯಲ್ಲಿ ಮೂರು ತಲೆಮಾರಿನ ಹೆಸರು, ವಯಸ್ಸು, ಕಾಯಿಲೆ, ರಕ್ತಸಂಬಂಧದ ಮದುವೆ ಇವನ್ನು ಬರೆದು ಮುಂದಿನ ಭೇಟಿಗೆ ಒಯ್ಯಿರಿ. ಹಾಲ್ಡೇನ್ ಅಂಥ ವಂಶವೃಕ್ಷಗಳಿಂದಲೇ ಕೆಲಸ ಶುರುಮಾಡಿದ್ದರು. ನಿಮ್ಮ ವೈದ್ಯರಿಗೂ ಮೊದಲು ಬೇಕಾಗುವುದು ಅದೇ.